ಅಜ್ಜಿಯ ತವರಿನ ಓಟು

“ಮಗಾ, ನಮ್ ಮಧುರೆ ಮನೆಯೋರ ಪಕ್ಷಕ್ಕೆ ಒತ್ತು” ಎಂದು ಮತಯಂತ್ರದ ಮುಂದೆ ಅಜ್ಜಿ ಪಿಸುಗುಟ್ಟಿದಾಗ ನನ್ನ ಬೆರಳು ಗಾಳಿಯಲ್ಲೇ ನಿಂತಿತು. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಅವಳ ಪರವಾಗಿ ಗುಂಡಿ ಒತ್ತಲು ದೇವನಹಳ್ಳಿಯ ಮತಗಟ್ಟೆಗೆ ನಾನು ಜೊತೆಗೆ ಹೋಗಿದ್ದೆ. ತೀರಿಕೊಂಡ ತಾತನದು ಒಂದು ಪಕ್ಷ, ಅಪ್ಪನದು ಇನ್ನೊಂದು, ನನ್ನದು ಮೂರನೆಯದು. ಅಜ್ಜಿ ತನ್ನ ಕಡೆಯೇ ಎಂದು ಮೂವರೂ ನಂಬಿದ್ದೆವು. ಅವಳ ತವರಾದ ಮಧುರೆಯವರದ್ದೋ, ತಾತ ಸಾಯುವವರೆಗೂ ಬೈದ ಪಕ್ಷ. ನನಗೂ ಅದನ್ನು ಕಂಡರಾಗದು. ಬೇರೆ ಗುಂಡಿ ಒತ್ತಿದ್ದರೆ ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಆದರೂ ಅವಳು ಹೇಳಿದ್ದನ್ನೇ ಒತ್ತಿದೆ.

ಹೊರಗೆ ಕಾಯುತ್ತಿದ್ದ ಅಪ್ಪ, “ನಮ್ದಕ್ಕೇ ತಾನೇ, ಅವ್ವಾ?” ಎಂದರು.

“ನಿನ್ ಮಗಳು ಹೇಳಿದ್ ಮಾತು ಕೇಳ್ತಾಳೆ ಬಿಡಪ್ಪಾ, ನಿನ್ನಂಗಲ್ಲ” ಎಂದಳು ಅಜ್ಜಿ. ಅಪ್ಪ ಖುಷಿಯಾಗಿ ಇಬ್ಬರಿಗೂ ಎಳನೀರು ಕೊಡಿಸಿದರು.

ಮೊನ್ನೆ ಮಧುರೆಗೆ ಹೋದಾಗ ಅಜ್ಜಿಯ ತಮ್ಮನನ್ನು ವಿಚಾರಿಸಿದೆ. “ಆ ಪಕ್ಷನಾ? ನಮ್ಮಪ್ಪ ಹೋದ್ಮೇಲೆ ಅದನ್ನ ಬಿಟ್ಬಿಟ್ವಿ ಕಣವ್ವಾ!” ಎಂದು ನಕ್ಕರು.

ಅವರಿಗೂ ವಯಸ್ಸಾಗಿದೆ, ಅವರ ನೆನಪನ್ನೂ ನಾನು ಪೂರ್ತಿ ನಂಬಲಾರೆ. ಹೇಗೂ ಅಜ್ಜಿಗೆ ಹೇಳಿಲ್ಲ. ಮುಂದಿನ ಚುನಾವಣೆಯಲ್ಲೂ ಅವಳು ತವರಿಗೇ ಓಟು ಹಾಕಲಿ. ನಾನು ಹಲ್ಲು ಕಚ್ಚಿಕೊಂಡು ಒತ್ತುತ್ತೇನೆ.