ತೊಗರಿಬೇಳೆ ಬೇಯಿಸಿ ಮನೆ ನೋಡಿದ್ದು

ಇದರಲ್ಲಿ ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ನಾವು ಮೊದಲು ನೋಡಿದ್ದು ಕೆ.ಆರ್. ಪೇಟೆಯ ಮನೆಯೋ ಪಾಂಡವಪುರದ್ದೋ ಎಂಬುದರಲ್ಲೇ ನನಗೂ ಚಿಕ್ಕವ್ವನಿಗೂ ಒಮ್ಮತವಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗಿದೆ ನಿಜ. ಆದರೆ ನಾನು ಬರೆಯುವುದು ಮರುದಿನ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು. ಅಷ್ಟರಲ್ಲಿ ಹಿಂದಿನ ದಿನ ನಡೆದದ್ದು ನನಗೆ ಬೇಕಾದ ಆಕಾರಕ್ಕೆ ಬಂದುಬಿಟ್ಟಿರುತ್ತದೆ. ಮಾತುಗಳನ್ನು ನನಗೆ ಕೇಳಿಸಿದ ಹಾಗೆ ಬರೆದಿದ್ದೇನೆ. ಆಡಿದವರು ಹಾಗೇ ಆಡಿದರೆಂದು ಆಣೆ ಇಡಲಾರೆ.

ಚಿಕ್ಕವ್ವ ನನ್ನ ತಾಯಿಯ ತಂಗಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಚಿಕ್ಕಪ್ಪ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಒಂದು ಹಳೆಯ ಮನೆಯ ಹಿಂಭಾಗವನ್ನು ಭೋಗ್ಯಕ್ಕೆ ಹಿಡಿದು ಇದ್ದಾಳೆ. ಭೋಗ್ಯವೆಂದರೆ ಒಂದು ಗಂಟು ಹಣವನ್ನು ಮೊದಲೇ ಮನೆಯವರ ಕೈಗೆ ಕೊಡುವುದು. ಇರುವಷ್ಟು ದಿನ ಬಾಡಿಗೆಯಿಲ್ಲ, ಬಿಡುವಾಗ ಅದೇ ಗಂಟು ವಾಪಸ್ಸು. ಹೋದ ದಸರಾ ಆದ ಮೇಲೆ ಮನೆಯವರು ಬಂದು, ನಿಮಿಷಾಂಬ ದೇವಸ್ಥಾನಕ್ಕೆ ಬರುವವರಿಗೆ ದಿನದ ಲೆಕ್ಕದಲ್ಲಿ ರೂಮು ಕೊಡಬೇಕೆಂದಿದ್ದೇವೆ, ಯುಗಾದಿಯೊಳಗೆ ಬಿಟ್ಟುಕೊಡಿ ಅಂದರು. ಒಳ್ಳೆಯ ಮಾತಿನಲ್ಲೇ ಅಂದರು. ಹೋಗುವಾಗ ಚಿಕ್ಕವ್ವನ ಉಪ್ಪಿನಕಾಯಿಯನ್ನೂ ಕೇಳಿ ತೆಗೆದುಕೊಂಡು ಹೋದರು.

ಆಗಿನ ಪರಿಸ್ಥಿತಿ ವಿಚಿತ್ರವಾಗಿತ್ತು. ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಚಿಕ್ಕವ್ವನ ಪಿಂಚಣಿಯನ್ನು ಮೀರಿ ನಿಂತಿತ್ತು. ಹಳೆಯ ಗಂಟಿಗೆ ಈಗ ಭೋಗ್ಯಕ್ಕೆ ಒಂದು ಕೋಣೆಯೂ ಸಿಗುತ್ತಿರಲಿಲ್ಲ. ಅದೇ ಹೊತ್ತಿಗೆ ಸುತ್ತಲಿನ ಊರುಗಳಲ್ಲಿ ಮಾರಲು ಕಟ್ಟಿದ ಮನೆಗಳು ಗಿರಾಕಿಯಿಲ್ಲದೆ ಕೂತಿದ್ದವು. ಹೆದ್ದಾರಿ ಅಗಲವಾದಾಗ ಎಲ್ಲರೂ ಸೈಟು ಸೈಟು ಎಂದು ಓಡಾಡಿದ್ದರು. ಈಗ ಬಡಾವಣೆಗಳ ಕಮಾನಿನ ಬಣ್ಣ ಹೋಗಿ, ಸೈಟಿನ ಕಲ್ಲುಗಳ ನಡುವೆ ಕುರಿ ಮೇಯುತ್ತಿದ್ದವು. ಮೊದಲು ಫೋನೇ ಎತ್ತದಿದ್ದ ಬ್ರೋಕರು ಈಗ ಬೆಳಿಗ್ಗೆ ಎದ್ದರೆ ಹೂವಿನ ಚಿತ್ರ ಹಾಕಿ ಶುಭೋದಯ ಕಳಿಸುತ್ತಿದ್ದ. ನಾನು ಅರ್ಥಶಾಸ್ತ್ರ ಓದಿ ಪಾಂಡವಪುರದ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು. ಕೊಳ್ಳುವುದಾದರೆ ಇದೇ ಕಾಲ ಎಂದು ಚಿಕ್ಕವ್ವನಿಗೆ ಹೇಳಿದೆ. ಭೋಗ್ಯದ ಗಂಟು, ನಿವೃತ್ತಿಯಲ್ಲಿ ಬಂದದ್ದು, ಎರಡು ಬಳೆ. ಇಷ್ಟು ಸೇರಿದರೆ ಒಂದು ಚಿಕ್ಕ ಮನೆ. ಸೇರಿಸಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಅಂದರೆ ಒಂದೇ ಸಲ ಆರಿಸಬಹುದು, ತಪ್ಪಿದರೆ ಇನ್ನೊಂದಿಲ್ಲ.

ಮನೆ ನೋಡಲು ಹೊರಟ ದಿನ ಚಿಕ್ಕವ್ವ ವೈರ್ ಬ್ಯಾಗಿನಲ್ಲಿ ಒಂದು ಚಿಕ್ಕ ಅಲ್ಯೂಮಿನಿಯಂ ಪಾತ್ರೆ ಮತ್ತು ಒಂದು ಹಿಡಿ ತೊಗರಿಬೇಳೆಯ ಪೊಟ್ಟಣ ಇಟ್ಟುಕೊಂಡು ಬಂದಳು.

"ಇದ್ಯಾಕವ್ವಾ?"

"ನೀರ್ ನೋಡಕ್ಕೆ. ಗ್ವಾಡೆ ನೋಡುದ್ರೆ ಏನ್ ಗೊತ್ತಾಯ್ತದೆ ಮಗಾ? ಸುಣ್ಣ ಬಳ್ದ್‌ಬುಟ್ರೆ ಎಲ್ಲಾ ಗ್ವಾಡೇನೂ ಚೆಂದಾಗೇ ಇರ್ತವೆ."

ಇದು ನಮ್ಮ ಅಜ್ಜಿಯ ಕಡೆಯಿಂದ ಬಂದದ್ದು. ಅಜ್ಜಿ ಪಾಲಹಳ್ಳಿಯವಳು. ಕಾಲುವೆ ನೀರಿನ ಊರಿನಲ್ಲಿ ಹುಟ್ಟಿದವಳಿಗೆ ಹೆಣ್ಣುಮಕ್ಕಳನ್ನು ಮೇಲಿನ ಒಣ ಸೀಮೆಗೆ ಕೊಡಲು ಭಯ. ಗಂಡಿನ ಮನೆ ನೋಡಲು ಹೋದಾಗ ಏನಾದರೂ ನೆಪ ಮಾಡಿಕೊಂಡು ಅಲ್ಲಿಯ ನೀರಿನಲ್ಲಿ ಬೇಳೆ ಬೇಯುತ್ತದೆಯೇ ಎಂದು ನೋಡುತ್ತಿದ್ದಳಂತೆ. ಗಡಸು ನೀರಿನಲ್ಲಿ ಬೇಳೆ ಎಷ್ಟು ಹೊತ್ತಾದರೂ ಕಾಳಾಗಿಯೇ ನಿಲ್ಲುತ್ತದೆ. ಸೌದೆ ಉರಿಯುತ್ತದೆ, ಸೊಸೆ ಬೈಸಿಕೊಳ್ಳುತ್ತಾಳೆ. ನನ್ನ ತಾಯಿ ಇದನ್ನು ತಮಾಷೆಯಾಗಿ ಹೇಳುತ್ತಿದ್ದಳು. ನಿಜವಾಗಿ ನಡೆದದ್ದೋ ಹೇಳಿ ಹೇಳಿ ನಿಜವಾದದ್ದೋ, ನನಗೆ ಗೊತ್ತಿಲ್ಲ. ಚಿಕ್ಕವ್ವನಂತೂ ನಂಬಿದ್ದಳು. ಕುಕ್ಕರನ್ನು ಒಪ್ಪುತ್ತಿರಲಿಲ್ಲ. "ಕುಕ್ಕರ್ನಾಗೆ ಗೋಲಿ ಹಾಕುದ್ರೂ ಬೇಯ್ತದೆ. ತೆರ್ದಿರೋ ಪಾತ್ರೇಲಿ ಬೇಯ್ಬೇಕು."

ಖಾಲಿ ಮನೆಯಲ್ಲಿ ಒಲೆ ಇರುವುದಿಲ್ಲ. ಆದ್ದರಿಂದ ಪಕ್ಕದ ಮನೆಯ ಬಾಗಿಲು ತಟ್ಟುವುದು, ನಾವು ಈ ಮನೆ ನೋಡಲು ಬಂದವರು, ಸ್ವಲ್ಪ ಬೇಳೆ ಬೇಯಿಸಿಕೊಡ್ತೀರಾ ಎಂದು ಕೇಳುವುದು. ಗ್ಯಾಸಿಗೆ ಬದಲಾಗಿ ಒಂದು ಕಟ್ಟು ದಂಟಿನ ಸೊಪ್ಪು ಕೊಡುವುದು. ನನಗೆ ಮೊದಲ ಸಲ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಯಾರೂ ಇಲ್ಲ ಅನ್ನಲಿಲ್ಲ. ಬೇಳೆ ಬೇಯುವಷ್ಟು ಹೊತ್ತು ಮಾತು ನಡೆಯುತ್ತಿತ್ತು. ಹಾಲು ಎಲ್ಲಿಂದ, ಸಂತೆ ಯಾವತ್ತು, ಆಸ್ಪತ್ರೆ ಎಷ್ಟು ದೂರ, ಬಸ್ಸಿಳಿದ ಮೇಲೆ ಆಟೋದವರು ಎಷ್ಟು ಕೇಳುತ್ತಾರೆ. ಬಸ್ಸು ಹೆಂಗಸರಿಗೆ ಫ್ರೀ, ಆದರೆ ಆಟೋ ಫ್ರೀ ಅಲ್ಲವಲ್ಲ. ನಾನು ಮನಸ್ಸಿನಲ್ಲೇ ಕೂಡಿಕೊಳ್ಳುತ್ತಿದ್ದೆ.

ಬ್ರೋಕರಿಗೆ ಮಾತ್ರ ತಲೆಕೆಟ್ಟಿತ್ತು. "ಅಲ್ಲ ಕಣವ್ವಾ, ನೀವು ಮನೆ ನೋಡಕ್ ಬಂದ್ರಾ, ಸಾರ್ ಕಾಯ್ಸಕ್ ಬಂದ್ರಾ? ನಾಳೆ ಒಗ್ಗರಣೆಗೆ ಕರ್ಬೇವು ನಾನೇ ತರ್ಬೇಕಾ?"

"ತತ್ತಾ. ಅಂಗೇ ಮುದ್ದೆಗೂ ಒಂದ್ ಸೇರು ಇಟ್ಟು ತಂದ್ಬುಡು, ಊಟ ಮಾಡ್ಕಂಡೇ ಓಗೀವಂತೆ," ಅಂದಳು ಚಿಕ್ಕವ್ವ.

ಪಾಂಡವಪುರದ ಮನೆ ನನ್ನ ಮನೆಗೆ ಹತ್ತಿರ. ಬೇಳೆ ಚೆನ್ನಾಗಿ ಬೆಂದಿತು. ಆದರೆ ಆ ಮನೆಯವರು ಇಳಿಸಿದ ಮೇಲೂ ಬೆಲೆ ನಮ್ಮ ಕೈಗೆ ಎಟುಕಲಿಲ್ಲ. ಕೆ.ಆರ್. ಪೇಟೆಯದು ಎಟುಕಿತು, ಅದು ಮಹಡಿಯ ಮೇಲಿತ್ತು, ಮೆಟ್ಟಿಲು ಕಡಿದಾಗಿತ್ತು. ಚಿಕ್ಕವ್ವ ಅರ್ಧ ಹತ್ತಿ, ಮೊಣಕಾಲು ಹಿಡಿದು, ಅಲ್ಲಿಂದಲೇ ಮನೆಗೆ ಕೈಮುಗಿದು ಇಳಿದಳು. ಆವತ್ತು ಬೇಳೆಯ ಪೊಟ್ಟಣ ಬಿಚ್ಚಲೇ ಇಲ್ಲ.

ನಾಗಮಂಗಲದ ಮನೆ ಊರಾಚೆಯ ಹೊಸ ಬಡಾವಣೆಯಲ್ಲಿತ್ತು. ಒಬ್ಬ ಗಾರೆ ಮೇಸ್ತ್ರಿ ಮಾರಲೆಂದೇ ಒಂದು ಬೋರು ಕೊರೆಸಿ ಜೊತೆ ಮನೆ ಕಟ್ಟಿದ್ದ. ಒಂದು ಮಾರಿಹೋಗಿ ಇನ್ನೊಂದು ಉಳಿದುಕೊಂಡಿತ್ತು. ಎರಡು ವರ್ಷದಿಂದ ಬೆಲೆ ಇಳಿಸುತ್ತಲೇ ಬಂದಿದ್ದ. ಇಳಿಸಿದಷ್ಟೂ ಜನಕ್ಕೆ ಅನುಮಾನ, ಇನ್ನೂ ಇಳಿಯಬಹುದು ಎಂಬ ಆಸೆ. ಒಂದು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಗೆಯಲು ಕಲ್ಲು, ಒಂದು ನುಗ್ಗೆ ಮರ. ಮೆಟ್ಟಿಲೇ ಇಲ್ಲ. ಚಿಕ್ಕವ್ವ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಾ, ಇಲ್ಲೊಂದು ಮಣೆ ಹಾಕಿಕೊಂಡರೆ ಕೂತೇ ತರಕಾರಿ ಹೆಚ್ಚಬಹುದು ಎಂದಳು. ಅವಳಿಗೆ ಹಿಡಿಸಿತೆಂದು ನನಗೆ ಅಲ್ಲೇ ತಿಳಿಯಿತು.

ಜೊತೆ ಮನೆಯಲ್ಲಿದ್ದದ್ದು ಒಂದು ಸಾಬರ ಸಂಸಾರ. ಗಂಡ ಎಳನೀರಿನ ಲಾರಿ ಓಡಿಸುತ್ತಿದ್ದರು. ಹೆಂಡತಿ ನನಗಿಂತ ಸ್ವಲ್ಪ ದೊಡ್ಡವರು. ಬಾಗಿಲು ತೆರೆದವರೇ, "ಅರೆ, ಬನ್ನಿ ಅಕ್ಕಾ, ಹೊರಗಡೆ ಯಾಕೆ ನಿಂತ್ರಿ," ಎಂದು ಚಾಪೆ ಹಾಸಿದರು. ಬೇಳೆ ಬೇಯಿಸಿಕೊಡಿ ಎಂದು ಚಿಕ್ಕವ್ವ ಕೇಳಿದ್ದಕ್ಕೆ ನಕ್ಕರು. "ಇಷ್ಟೇನಾ? ಕೊಡಿ ಇಲ್ಲಿ, ನೀವು ಕೂತ್ಕಳಿ," ಎಂದು ಪಾತ್ರೆಯನ್ನು ಕೈಯಿಂದ ಕಿತ್ತುಕೊಂಡು ಒಳಗೆ ಹೋದರು. ನಮಗೆ ಚಹಾ ಬಂತು, ಖಾರದ ಬಿಸ್ಕತ್ತು ಬಂತು. ಚಹಾ ಮುಗಿಯುವ ಹೊತ್ತಿಗೆ ಬೇಳೆಯೂ ಬಂತು. ಚಿಕ್ಕವ್ವ ಎರಡು ಬೆರಳಿನಲ್ಲಿ ಹಿಸುಕಿದಳು. ಬೆಣ್ಣೆಯಂತೆ ಕರಗಿತು.

ಅವಳ ಮುಖ ನನಗೆ ನೆನಪಿದೆ. ಅದು ಮಾತ್ರ ತಪ್ಪು ನೆನಪಲ್ಲ ಎಂದುಕೊಂಡಿದ್ದೇನೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು "ನಮ್ಮನೆ" ಅಂದಳು. ನಮ್ಮನೆ ನುಗ್ಗೆಮರ ಹಿಂದ್ಲ ಬೀದಿಗೆ ಬಾಗ್ಕಂಡದೆ, ಕಡ್ಸ್‌ಬೇಕು ಅಂತ. ಮುಂದಿನ ವಾರ ಮೇಸ್ತ್ರಿಗೆ ಮುಂಗಡ ಕೊಟ್ಟೆವು.

ಗೊತ್ತಾದದ್ದು ಅದಾದ ಮೇಲೆ, ಕಿಟಕಿಯ ಪರದೆಗೆ ಅಳತೆ ತೆಗೆದುಕೊಳ್ಳಲು ಹೋದ ದಿನ. ಮೇಸ್ತ್ರಿ ಮೋಟರು ಹಾಕಿಸಿ ನಲ್ಲಿಯಲ್ಲಿ ನೀರು ಬರುವ ಹಾಗೆ ಮಾಡಿದ್ದ. ಚಿಕ್ಕವ್ವ ಕೈ ತೊಳೆಯಲು ಸೋಪು ಹಚ್ಚಿದಳು. ಉಜ್ಜಿದಳು, ಉಜ್ಜಿದಳು, ನೊರೆಯೇ ಬರಲಿಲ್ಲ. ಸೋಪನ್ನು ತಿರುಗಿಸಿ ನೋಡಿದಳು, ಸೋಪಿನದೇ ತಪ್ಪೇನೋ ಎಂಬಂತೆ. ಆಮೇಲೆ ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡು, ಉಗುಳಿ, ಪಕ್ಕದ ಮನೆಯ ಬಾಗಿಲಿಗೆ ಹೋದಳು.

"ಏನ್ ತಾಯಿ, ಆವತ್ತು ಬೇಳೆ ಬೇಯ್ಸುದ್ಯಲ್ಲ, ಅದು ಯಾವ್ ನೀರು?"

"ಕ್ಯಾನ್ ನೀರು ಅಕ್ಕಾ. ಅಲ್ಲಿ ಫಿಲ್ಟರ್ ಮನೇಲಿ ಐದು ರೂಪಾಯಿ ಹಾಕಿ ಹಿಡ್ಕೊಂಡು ಬರ್ತೀವಲ್ಲ, ಅದು."

"ಬೋರ್ ನೀರಲ್ವಾ?"

"ಅಯ್ಯೋ ಅಲ್ಲಾ! ಮನೆಗೆ ಬಂದೋರಿಗೆ ಆ ನೀರಲ್ಲಿ ಮಾಡ್ಕೊಡ್ತಾರಾ? ಆ ನೀರಲ್ಲಿ ಬೇಳೆ ಬೇಯೋದಿಲ್ಲ ಅಕ್ಕಾ. ಬಟ್ಟೆ ಒಗೆಯೋಕೆ, ಪಾತ್ರೆ ತೊಳೆಯೋಕೆ ಅಷ್ಟೇ."

ಹೇಳಿದ ಮೇಲೆ ಅವರಿಗೆ ಅರ್ಥವಾಯಿತು. ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡರು. "ನೀವು ನೀರು ನೋಡೋಕೆ ಬಂದಿದ್ರಾ? ನಾನು ಹಸಿವಾಗಿದೆಯೇನೋ, ಮಾತ್ರೆ ತಗೊಳ್ಳೋಕೆ ಮೊದ್ಲು ಬೇಳೆಕಟ್ಟು ಕುಡೀತೀರೇನೋ ಅಂದ್ಕೊಂಡೆ."

ಚಿಕ್ಕವ್ವ ಜಗುಲಿಯ ಮೇಲೆ ಕೂತು ನಗತೊಡಗಿದಳು. ಆ ಹೆಂಗಸು ಅಳುವ ಹಾಗಾಗಿದ್ದರು. ಅವರ ಬೆನ್ನು ಸವರಿ, "ನಿಂದೇನ್ ತೆಪ್ಪು ಬುಡು ತಾಯಿ, ಒಳ್ಳೇ ನೀರೇ ಕೊಟ್ಟಿದ್ದೀಯ," ಅಂದಳು. ಅಜ್ಜಿಯ ಉಪಾಯ ಅವಳಿಗೆ ಕೈಕೊಟ್ಟದ್ದು ಇಷ್ಟರಲ್ಲಿ: ಅಜ್ಜಿಯ ಕಾಲದಲ್ಲಿ ಒಂದು ಮನೆಯಲ್ಲಿ ಒಂದೇ ನೀರಿತ್ತು.

ಮೇಸ್ತ್ರಿಯನ್ನು ಕೇಳಿದೆ, ನನ್ನ ದನಿ ಜೋರಾಗಿಯೇ ಇತ್ತು. ಅವನು ಪಂಚೆ ಎತ್ತಿ ಕಟ್ಟಿಕೊಂಡು ನೆಲ ನೋಡುತ್ತಾ ನಿಂತ. "ನೀವು ಕೇಳ್ನೇ ಇಲ್ವಲ್ಲಾ ಮೇಡಮ್ಮು. ಕೇಳುದ್ರೆ ನಾನು ಸುಳ್ ಏಳ್ತಿರ್ನಿಲ್ಲ. ನಮ್ ಕಡೆ ಬೋರು ಎಲ್ಲಾ ಇಂಗೇಯ. ಊರಿನ ನಲ್ಲಿ ಈ ಕಡೀಕೆ ಇನ್ನೂ ಬಂದಿಲ್ಲ. ಬತ್ತದೆ ಅಂತಾವ್ರೆ." ನಿಜ, ಕೇಳಿರಲಿಲ್ಲ. ಮಾರುವವನು ಹೇಳುವುದನ್ನು ನಂಬುವುದೇಕೆ, ಬೇಳೆಯಿದೆಯಲ್ಲ ಎಂದುಕೊಂಡಿದ್ದೆವು. ಅವನ ಅಂಗಿಯ ಕಾಲರು ಹರಿದಿತ್ತು. ಮುಂಗಡ ಬೇಕಾದರೆ ವಾಪಸ್ಸು ಕೊಡ್ತೀನಿ, ಆದರೆ ಒಂದು ತಿಂಗಳು ಟೈಮು ಕೊಡಿ, ಅದನ್ನು ಕಬ್ಬಿಣದ ಅಂಗಡಿಗೆ ಕಟ್ಟಿಬಿಟ್ಟೆ ಅಂದ. ಅವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ನನಗೆ ಆಗಲಿಲ್ಲ.

ಮನೆಗೆ ಬಂದು ನಾನು ಮತ್ತೆ ಲೆಕ್ಕ ಹಾಕಿದೆ. ಕ್ಯಾನ್ ನೀರು, ಹೆಚ್ಚು ಉರಿಯುವ ಗ್ಯಾಸು, ಹೆಚ್ಚು ಕರಗುವ ಸೋಪು, ಬೇಗ ಹಾಳಾಗುವ ಗೀಸರು. ಎಲ್ಲ ಸೇರಿಸಿದರೂ ಶ್ರೀರಂಗಪಟ್ಟಣದ ಬಾಡಿಗೆಯ ಹತ್ತಿರಕ್ಕೂ ಬರಲಿಲ್ಲ. ತರಗತಿಯಲ್ಲಾದರೆ ಇಲ್ಲಿಗೆ ಪ್ರಶ್ನೆ ಮುಗಿಯುತ್ತಿತ್ತು. ಚಿಕ್ಕವ್ವನಿಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು.

"ಆ ಕ್ಯಾನ್ ಒತ್ಕ ಬರೋರ್ ಯಾರು?"

"ಪಕ್ಕದ ಮನೆಯವರು ಗಾಡೀಲಿ ತಂದಿಡ್ತೀವಿ ಅಂದ್ರಲ್ಲ."

"ಒಂದಿನ ತತ್ತಾರೆ, ಎಲ್ಡ್ ದಿನ ತತ್ತಾರೆ. ಒಳ್ಳೇ ಜನವೇ. ಆಮೇಲಾಮೇಲೆ ನಾನು ಖಾಲಿ ಕ್ಯಾನ್ ಇಟ್ಕಂಡು ಅವ್ರ್ ಬಾಗ್ಲಲ್ ನಿಂತ್ಕಬೇಕು ಕಣ್ ಮಗಾ. ಅವ್ರು ಊರಲ್ಲಿಲ್ದಿದ್ರೆ ಆ ದಿನ ಸಾರಿಲ್ಲ."

ಇದನ್ನು ಯಾವ ಕಾಲಂನಲ್ಲಿ ಬರೆಯುವುದೆಂದು ನನಗೆ ಗೊತ್ತಾಗಲಿಲ್ಲ. ಹಾಗಂತ ಆ ಮನೆ ಬೇಡ ಎಂದೂ ಅವಳು ಅನ್ನಲಿಲ್ಲ. ಪರದೆಯ ಬಟ್ಟೆಯನ್ನು ಅಂಗಡಿಗೆ ವಾಪಸ್ಸು ಕೊಟ್ಟಿಲ್ಲ. ಗಂಜಾಂನ ಮನೆಯವರು ಬಂದು ಗೋಡೆಗಳ ಬಣ್ಣಕ್ಕೆ ಅಳತೆ ಹಾಕಿಕೊಂಡು ಹೋಗಿದ್ದಾರೆ. ನಮ್ಮ ಮನೆಗೆ ಬಾ ಎಂದು ನಾನೂ ನನ್ನವರೂ ಕರೆದಾಗ, ಬರ್ತೀನಿ, ಹಬ್ಬಕ್ಕೆ ಅನ್ನುತ್ತಾಳೆ. ಈ ಎಲ್ಲದರ ನಡುವೆ ಅವಳು ದಿನವೂ ಬೆಳಿಗ್ಗೆ ಅದೇ ಗಂಜಾಂನ ನಲ್ಲಿಯಲ್ಲಿ ನೀರು ಹಿಡಿದು, ಎಂದಿನ ಹಾಗೆ ಬೇಳೆ ಹಾಕುತ್ತಾಳೆ.

ಹೋದ ಭಾನುವಾರ ಮೇಸ್ತ್ರಿ ನನಗೆ ಫೋನು ಮಾಡಿದ್ದ. ನೀರಿನ ವಿಷಯಕ್ಕೆ ಅಂತ ಬೆಲೆಯಲ್ಲಿ ಇನ್ನೂ ಸ್ವಲ್ಪ ಬಿಡುತ್ತೇನೆ, ನಿಮ್ಮ ಚಿಕ್ಕವ್ವ ಒಂದು ಮಾತು ಹೇಳಲಿ, ಎಷ್ಟು ಬಿಡಬೇಕು ಅಂತ. ಇಲ್ಲದಿದ್ದರೆ ಬೇರೆಯವರು ಕೇಳ್ತಾವ್ರೆ ಅಂದ. ಬೇರೆಯವರು ಕೇಳುತ್ತಿರುವುದು ನಿಜವೋ ಅಲ್ಲವೋ ತಿಳಿಯದು. ನಾನು ಆ ಸಂಜೆಯೇ ಗಂಜಾಂಗೆ ಹೋದೆ. ಚಿಕ್ಕವ್ವ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತಾ ಮೇಸ್ತ್ರಿ ಹೇಳಿದ್ದನ್ನು ಹೇಳಿದೆ. ಆಮೇಲೆ ಒಂದು ಮಾತು ಕೇಳಿದೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಸುಲಿದಳು, ಇನ್ನೊಂದನ್ನು ತೆಗೆದುಕೊಂಡಳು. ನಾನು ಕೇಳಿದ್ದು ಇಷ್ಟು:

"ಎಷ್ಟು ಇಳಿಸಿದ್ರೆ ಆ ನೀರು ನಿನಗೆ ಒಗ್ಗುತ್ತೆ, ಚಿಕ್ಕವ್ವ?"