ಕರೆಮ್ಮನ ಎಡಚ

ಕರೆಮ್ಮನಿಗೆ ಆ ಸುದ್ದಿ ಹೇಳಿದವನು ನಾನೇ. ಹೇಳಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಆದರೆ ಆ ಗಳಿಗೆಯಲ್ಲಿ ಅವಳ ಮುಖ ನೋಡುತ್ತ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ.

ತುರ್ವಿಹಾಳ ಬಸ್ ನಿಲ್ದಾಣದ ಎದುರು, ಗೊಬ್ಬರದಂಗಡಿಯ ಮಗ್ಗುಲಿಗೆ ತಗಡಿನ ಮಾಡಿನ ಒಂದು ಹೋಟೆಲು. ಬೋರ್ಡಿಲ್ಲ. ಕೇಳಿದರೆ ಎಲ್ಲರೂ ಕರೆಮ್ಮನ ಹೋಟೆಲು ಅನ್ನುತ್ತಾರೆ. ಮುಂಜಾನೆ ಐದಕ್ಕೆ ಒಲೆ ಹತ್ತುತ್ತದೆ. ಭತ್ತದ ಸಸಿ ಹಚ್ಚಲು ಹೋಗುವ ಹೆಣ್ಣುಮಕ್ಕಳು, ಟ್ರ್ಯಾಕ್ಟರಿನವರು, ಸಿಂಧನೂರಿನ ರೈಸ್‌ಮಿಲ್ಲಿಗೆ ಹೋಗುವ ಹಮಾಲರು ಅಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಚಹಾ ಕುಡಿದು ಮುಂದಕ್ಕೆ ಹೋಗುತ್ತಾರೆ.

ಕರೆಮ್ಮನಿಗೆ ಐವತ್ತೈದು ದಾಟಿದೆ. ಗಂಡ ಮಾಳಿಂಗಪ್ಪ ಕುರಿ ಕಾಯುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೆ ಕುರಿ ಮಾರಿ ಈ ಹೋಟೆಲು ಹಾಕಿದಳು. ಮಗ ಸಿದ್ದರಾಮ ಭತ್ತ ಕೊಯ್ಯುವ ಮಷಿನ್ನಿನ ಡ್ರೈವರು. ಸುಗ್ಗಿ ಬಂತೆಂದರೆ ಗಂಗಾವತಿ, ಮಾನ್ವಿ, ತೆಲಂಗಾಣ ಅಂತ ಮೂರ್ನಾಲ್ಕು ತಿಂಗಳು ಮನೆಗೆ ಬರುವುದಿಲ್ಲ. ಸೊಸೆ ನಾಗವೇಣಿ ಹೋಟೆಲಿನಲ್ಲಿ ಅತ್ತೆಗೆ ಜೊತೆ.

ಕರೆಮ್ಮ ಹುಟ್ಟಾ ಎಡಚಿ. ಮದುವೆಯಾಗಿ ಬಂದ ಮೂರನೇ ದಿನ ಮಾವನ ತಾಟಿಗೆ ಎಡಗೈಯಿಂದ ರೊಟ್ಟಿ ಹಾಕಿದಳಂತೆ. ಆ ಮನುಷ್ಯ ಉಣ್ಣದೆ ಎದ್ದುಹೋದ. ಆಮೇಲೆ ನಾಲ್ಕು ತಿಂಗಳು ಅತ್ತೆ ಬಡಿಸುವ ಹೊತ್ತಿಗೆಲ್ಲ ಅವಳ ಎಡಗೈಯನ್ನು ಸೀರೆಯ ಸೆರಗಿನಿಂದ ಸೊಂಟಕ್ಕೆ ಕಟ್ಟಿಬಿಡುತ್ತಿದ್ದಳು. ಬಲಗೈ ಕಲಿತಿತು. ಆದರೂ ರೊಟ್ಟಿ ಬಡಿಯುವುದು, ಉಳ್ಳಾಗಡ್ಡಿ ಹೆಚ್ಚುವುದು, ನೀರು ಸೇದುವುದು ಎಲ್ಲ ಎಡಗೈಯದೇ ಕೆಲಸ. ಜನರೆದುರು ಮಾತ್ರ ಅದು ಸೆರಗಿನೊಳಗೆ. ಹೋಟೆಲು ಹಾಕಿದ ಹೊಸದರಲ್ಲಿ ಅವಸರಕ್ಕೆ ಎಡಗೈಲಿ ಕೊಟ್ಟ ಚಹಾವನ್ನು ಒಬ್ಬ ಗಿರಾಕಿ ಅವಳ ಕಣ್ಣೆದುರೇ ನೆಲಕ್ಕೆ ಸುರಿದಿದ್ದ.

ಹೋದ ನವೆಂಬರಿನಲ್ಲಿ ಸಿದ್ದರಾಮ ಊರಿಂದ ಹೊರಡುವ ಮುಂಜಾನೆ ಟಿವಿ ನೋಡುತ್ತ ಕೂತಿದ್ದ. ಅವಸರದಲ್ಲಿ ಎದ್ದಾಗ ರಿಮೋಟು ಕಾದ ಎಣ್ಣೆಯ ಬಾಣಲೆಗೆ ಬಿತ್ತು. ಮೆಣಸಿನಕಾಯಿಯ ಜೊತೆ ಅದೂ ಕರಿದುಹೋಯಿತು. "ಹೊಸಾದು ತರ್ತೀನಬೇ," ಅಂದು ಅವನು ಹೋದ. ಟಿವಿಯಲ್ಲಿ ಅವನು ಹಾಕಿದ್ದ ಆಟದ ಚಾನೆಲ್ಲೇ ಉಳಿಯಿತು. ದಿನಾ ಮುಂಜಾನೆ ಆರಕ್ಕೆ ಅದರಲ್ಲಿ ಅಮೆರಿಕದ ಬೇಸ್‌ಬಾಲ್ ಬರುತ್ತಿತ್ತು.

ಮೊದಲ ವಾರ ಯಾರೂ ಅದರ ಕಡೆ ನೋಡಲಿಲ್ಲ. ಒಂದು ದಿನ ಕರೆಮ್ಮ ಹಾಲು ಕಾಯಿಸುತ್ತ ಕಣ್ಣೆತ್ತಿದಳು. ನೀಲಿ ಟೊಪ್ಪಿಗೆಯ ಉದ್ದನೆಯ ಮನುಷ್ಯನೊಬ್ಬ ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತಿದ್ದ. ಕಾಲಿಂದ ಮಣ್ಣು ಕೆದರಿದ, ಟೊಪ್ಪಿಗೆ ಎಳೆದುಕೊಂಡ, ಚೆಂಡು ಎಸೆದ. ಬ್ಯಾಟಿನವನು ಗಾಳಿಗೆ ಬೀಸಿ ಬೆಪ್ಪಾದ. ಸುತ್ತ ಕೂತಿದ್ದ ಸಾವಿರಾರು ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು.

"ನಾಗೀ! ಎಡಗೈಲೆ ಒಗದಾನಲ್ಲಬೇ!" ಕರೆಮ್ಮ ಕೂಗಿದಳು. ಹಾಲು ಉಕ್ಕಿ ಒಲೆ ಆರಿತು.

ಅವತ್ತಿನಿಂದ ಅವನು ಕರೆಮ್ಮನ ಎಡಚ ಆದ. ಅವನ ತಂಡ 'ನೀಲಿ ಟೊಪ್ಪಿಗಿ' ಆಯಿತು. ಇಂಗ್ಲಿಷಿನ ಹೆಸರು ಓದುವವರು ಅಲ್ಲಿ ಯಾರೂ ಇರಲಿಲ್ಲ. ಆಟದ ನಿಯಮವನ್ನು ಮುದುಕ ಗದ್ದೆಪ್ಪ ಕಂಡುಹಿಡಿದ. ಅವನು ಕಾಲುವೆಗೆ ನೀರು ಬಿಡುವ ಕೆಲಸದಲ್ಲಿ ನಿವೃತ್ತನಾದವನು. ಒಂದನ್ನು ತಾಸುಗಟ್ಟಲೆ ನೋಡುತ್ತ ಕೂರುವುದು ಅವನಿಗೆ ರೂಢಿ. ಇಪ್ಪತ್ತು ದಿನದಲ್ಲಿ ತೀರ್ಪು ಕೊಟ್ಟ: "ಬ್ಯಾಟಿನವ ಮೂರು ಸಲ ತಪ್ಪಿದ್ರ ಔಟು. ಚೆಂಡಿನವ ನಾಕು ಸಲ ತಪ್ಪಿದ್ರ ಬ್ಯಾಟಿನವಗ ಪುಕ್ಕಟೆ ಒಂದು ಮೂಲಿ. ನಾಕು ಮೂಲಿ ಮುಟ್ಟಿ ಮನಿಗಿ ಬಂದ್ರ ಒಂದು ರನ್ನು."

ಟ್ರ್ಯಾಕ್ಟರ್ ಓಡಿಸುವ ರಹಮಾನಸಾಬ ಅರಬರ ನಾಡಿನ ದಮ್ಮಾಮಿನಲ್ಲಿ ಆರು ವರ್ಷ ಡ್ರೈವರಾಗಿದ್ದವನು. ಟಿವಿಯಲ್ಲಿ ಮೈದಾನದ ದೀಪ ಹತ್ತಿದ್ದು ನೋಡಿ ಅವನೇ ವಿವರಿಸಿದ: "ನಮಗ ಬೆಳಗಾದ್ರ ಅವರಿಗಿ ರಾತ್ರಿ, ಅಕ್ಕಾ. ಇದು ಈಗಿಂದೀಗ ನಡದದ್ದು." ಎಲ್ಲರೂ ಒಪ್ಪಿದರು.

ನೀಲಿ ಟೊಪ್ಪಿಗೆ ಮೊದಮೊದಲು ಸೋಲುತ್ತಲೇ ಹೋಯಿತು. ಸಾಲಾಗಿ ಏಳು ಆಟ ಸೋತಾಗ ಗದ್ದೆಪ್ಪ, "ಬ್ಯಾರೆ ತಂಡ ಹಿಡಿಯೂಣು," ಅಂದ. ಕರೆಮ್ಮ ಅವತ್ತು ಅವನಿಗೆ ಮಿರ್ಚಿ ಕೊಡಲಿಲ್ಲ. ಡಿಸೆಂಬರಿನಲ್ಲಿ ತಂಡ ತಿರುಗಿ ಎದ್ದಿತು. ಎಡಚ ಇಳಿದ ದಿನ ಗೆಲುವು ಖಾತ್ರಿ. ಹಮಾಲರು ಮಿಲ್ಲಿಗೆ ತಡವಾಗಿ ಹೋಗತೊಡಗಿದರು. ಸಸಿ ಹಚ್ಚುವವರನ್ನು ಕರೆದೊಯ್ಯುವ ಟಂಟಂನವನು ಹಾರ್ನ್ ಹೊಡೆದು ಹೊಡೆದು ಬೇಸತ್ತು ತಾನೂ ಒಳಗೆ ಬಂದು ಕೂತ.

ಹಾಗಿರುವಾಗ ಒಂದು ಮುಂಜಾನೆ, ಎಡಚ ಎಸೆದ ಚೆಂಡನ್ನು ಎದುರಿನವನು ಬಲವಾಗಿ ಬಾರಿಸಿದ. ಚೆಂಡು ನೆಟ್ಟಗೆ ಬಂದು ಎಡಚನ ದವಡೆಗೆ ಬಡಿಯಿತು. ಅವನು ಕುಸಿದು ಬಿದ್ದ. ಸ್ಟ್ರೆಚರ್ ಬಂತು. ಅಲ್ಲಿನ ಜನ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು, ಇಲ್ಲಿ ಕರೆಮ್ಮನೂ ಹಾಗೇ ನಿಂತಿದ್ದಳು.

"ಸತ್ತನೇನು? ರಹಮಾನ, ಟಿವಿಯಾಗ ಮಾತಾಡಾವ ಏನಂತಾನ ನೋಡು!"

"ನನಗೂ ತಿಳೀವಲ್ದಕ್ಕಾ. ಭಾಳ ಜೋರ್ ಮಾತಾಡಾಕತ್ತಾರ."

ಮರುದಿನವೇ ಕರೆಮ್ಮ ಹೋಟೆಲನ್ನು ನಾಗವೇಣಿಗೆ ಬಿಟ್ಟು, ಸಿಂಧನೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಅಂಬಾಮಠಕ್ಕೆ ಹೋದಳು. ಅವನು ಮತ್ತೆ ಆ ದಿಬ್ಬದ ಮೇಲೆ ನಿಂತರೆ ದೇವಿಗೆ ಉಡಿ ತುಂಬಿ, ಐದು ಮಂಗಳವಾರ ಒಪ್ಪತ್ತು ಇರುತ್ತೇನೆ ಎಂದು ಹರಕೆ ಹೊತ್ತಳು. ಹದಿನಾಲ್ಕನೇ ದಿನ ಎಡಚ ದವಡೆಗೆ ಪಟ್ಟಿ ಕಟ್ಟಿಕೊಂಡು ದಿಬ್ಬ ಹತ್ತಿದ. ಹೋಟೆಲಿನಲ್ಲಿ ಸಿಳ್ಳೆ, ಕೇಕೆ. ಆ ಗದ್ದಲದಲ್ಲಿ ಕರೆಮ್ಮ ತನಗೇ ಗೊತ್ತಿಲ್ಲದೆ ಎಡಗೈಯಿಂದ ಗದ್ದೆಪ್ಪನಿಗೆ ಚಹಾ ಚಾಚಿದ್ದಳು. ಗೊತ್ತಾದಾಗ ಕೈ ಹಿಂದಕ್ಕೆಳೆಯಲು ಹೋದಳು. ಗದ್ದೆಪ್ಪ ಕೈಯನ್ನೂ ನೋಡಿದ, ಟಿವಿಯನ್ನೂ ನೋಡಿದ, ಚಹಾ ತೆಗೆದುಕೊಂಡು ಸೊರ್ರನೆ ಕುಡಿದ. ಮುಂದೆ ಅವಳು ಕೈ ಬದಲಿಸಲಿಲ್ಲ; ಯಾರೂ ಚಹಾ ನೆಲಕ್ಕೆ ಸುರಿಯಲಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ಕರೆಮ್ಮ ಮತ್ತು ರಹಮಾನಸಾಬ. ನಾನು ಬಸವಲಿಂಗ, ದೈಹಿಕ ಶಿಕ್ಷಕ. ಫೆಬ್ರುವರಿಯಲ್ಲಿ ನನ್ನನ್ನು ಮುಕ್ಕುಂದದಿಂದ ತುರ್ವಿಹಾಳಕ್ಕೆ ನಿಯೋಜನೆ ಮೇಲೆ ಹಾಕಿದರು. ಮೊದಲ ದಿನ ಸಿಂಧನೂರಿನಿಂದ ನಸುಕಿನ ಬಸ್ಸಿಗೆ ಬಂದಿಳಿದಾಗ ಶಾಲೆ ತೆರೆಯಲು ಹೊತ್ತಿತ್ತು. ಚಹಾಕ್ಕೆಂದು ಹೋದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಕ್ರಿಕೆಟ್ ಇರಬೇಕು ಅಂದುಕೊಂಡೆ. ಟಿವಿ ನೋಡಿ ನಿಂತಲ್ಲೇ ನಿಂತೆ. ಕಲಬುರಗಿಯಲ್ಲಿ ಓದುವಾಗ ನಾನು ಎರಡು ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಬೇಸ್‌ಬಾಲ್ ಆಡಿದವನು. ಈ ತಾಲೂಕಿನಲ್ಲಿ ಆ ಆಟದ ಹೆಸರು ಗೊತ್ತಿದ್ದ ಇನ್ನೊಬ್ಬನನ್ನು ಕಂಡಿರಲಿಲ್ಲ. ಇಲ್ಲಿ ರುಮಾಲು ಸುತ್ತಿದ ಮುದುಕನೊಬ್ಬ, "ಮೂರನೇ ಮೂಲಿಗಿ ಬಂದಾನ, ಓಡಲೇ ಓಡು," ಅನ್ನುತ್ತಿದ್ದಾನೆ!

ಫೈನಲ್ ನಡೆದಿತ್ತು. ಏಳು ಆಟದಲ್ಲಿ ನಾಲ್ಕು ಗೆದ್ದವರಿಗೆ ಪಟ್ಟ. ನೀಲಿ ಟೊಪ್ಪಿಗೆ ಒಂದು ಗೆದ್ದು ಎರಡು ಸೋತಿತ್ತು. ಅವತ್ತು ನಾಲ್ಕನೆಯದು, ಎಡಚ ಇಳಿದಿದ್ದ.

ಖುಷಿಯಲ್ಲಿ ನಾನು ಬಾಯಿಬಿಟ್ಟೆ: "ಹಳೇ ಮ್ಯಾಚಾದ್ರೂ ಇಷ್ಟು ಮಂದಿ ನೋಡಾಕತ್ತೀರಲ್ಲ!"

ಎಲ್ಲರೂ ನನ್ನ ಕಡೆ ತಿರುಗಿದರು.

"ಹಳೇದಂದ್ರ?" ರಹಮಾನಸಾಬ ಎದ್ದು ನಿಂತ. "ಈಗಿಂದೀಗ ನಡದದರಿ ಸರ."

"ಇಲ್ರಿ. ಅಮೆರಿಕದಾಗ ಈಗ ಹಿಮ ಬೀಳ್ತಿರ್ತದ. ಏಪ್ರಿಲ್‌ದಿಂದ ಅಕ್ಟೋಬರ್ ತನಕ ಅಷ್ಟ ಈ ಆಟ. ಇದು ಮರುಪ್ರಸಾರ." ಪರದೆಯ ಅಂಚಿನಲ್ಲಿದ್ದ ಅಕ್ಷರ ಓದಿ ಮೊಬೈಲು ತೆಗೆದೆ. "ಮೂರು ವರ್ಷದ ಹಿಂದಿಂದು. ಇದರಾಗ ಗೆದ್ದವರು..."

"ಸರ್ರ, ನಿಮ್ಮ ಕಾಲು ಬೀಳ್ತೀನಿ!" ಒಲೆಯ ಹಿಂದಿನಿಂದ ಕರೆಮ್ಮ ಚೀರಿದಳು. "ಯಾರು ಗೆದ್ರು ಅಂತ ಮಾತ್ರ ಹೇಳಬ್ಯಾಡ್ರಿ."

ನಾನು ಗಕ್ಕನೆ ನಿಲ್ಲಿಸಿದೆ. ಫಲಿತಾಂಶ ನೋಡಬಾರದೆಂದು ಪರದೆಯನ್ನು ಸರಿಸುವಾಗ ಆ ಎಡಗೈ ಆಟಗಾರನ ಹೆಸರು ಬಂತು: ಎಲಿಯಾಸ್ ಟೊರ್ವಾಲ್. ಹುಟ್ಟಿದ ತಾರೀಖಿನ ಪಕ್ಕದಲ್ಲಿ ಇನ್ನೊಂದು ತಾರೀಖಿತ್ತು. ನನ್ನ ಮುಖ ಬದಲಾಗಿರಬೇಕು. ಮೂವತ್ತು ಮಂದಿಯಲ್ಲಿ ಅದನ್ನು ಕಂಡವಳು ಅವಳೊಬ್ಬಳೇ.

"ಏನಾತ್ರಿ?"

"ಏನಿಲ್ಲಮ್ಮ."

"ನನ್ನ ಎಡಚಗ ಏನರ ಆಗೈತೇನ್ರಿ? ಹೇಳ್ರಿ."

ಅವಳು ಹತ್ತಿರ ಬಂದು ನಿಂತಿದ್ದಳು. ನಾನು ಹೇಳಿದೆ. ಈ ಆಟವಾದ ಎರಡು ತಿಂಗಳಿಗೆ, ಮಳೆಯಲ್ಲಿ, ಅವನ ಕಾರು ಸೇತುವೆಯಿಂದ ಕೆಳಗೆ ಹೋಯಿತು. ಅವನು ಉಳಿಯಲಿಲ್ಲ.

ಟಿವಿಯಲ್ಲಿ ಎಡಚ ಕಾಲಿಂದ ಮಣ್ಣು ಕೆದರುತ್ತಿದ್ದ. ಕರೆಮ್ಮ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಅಳಲಿಲ್ಲ. ಬಾಯಿ ತೆರೆದೇ ಇತ್ತು. ಆಮೇಲೆ ಕೇಳಿದಳು: "ನಾ ಹರಕಿ ಹೊತ್ತಾಗ ಅವ ಇರಲೇ ಇಲ್ಲೇನ್ರಿ?"

ನಾಗವೇಣಿ ಸ್ಟೂಲು ಹತ್ತಿ ಟಿವಿ ಆರಿಸಿದಳು. ಜನ ಒಬ್ಬೊಬ್ಬರೇ ಎದ್ದುಹೋದರು. ಗದ್ದೆಪ್ಪ ಹೊರಗೆ ಬಂದು ನನಗೆ, "ನೀವು ಬ್ಯಾರೆ ಕಡೆ ಚಹಾ ಕುಡದಿದ್ರ ಆಗ್ತಿತ್ತರಿ," ಅಂದ.

ಎರಡು ದಿನ ಟಿವಿ ಹತ್ತಲಿಲ್ಲ. ನನಗೆ ಅತ್ತ ಹೋಗಲು ಮುಖವಿರಲಿಲ್ಲ. ಆದರೆ ಬಸ್ಸು ನಿಲ್ಲುವುದೇ ಅವಳ ಹೋಟೆಲಿನ ಎದುರು. ಸತ್ತವನ ಆಟ ನೋಡಬಾರದು ಎಂದು ಗದ್ದೆಪ್ಪ. ಹಾಗಾದ್ರ ಸತ್ತವರ ಫೋಟೋ ಯಾಕ ಮನ್ಯಾಗ ಹಾಕ್ತಿ ಎಂದು ರಹಮಾನಸಾಬ. ಇಬ್ಬರಿಗೂ ಮಾತು ಬಿಟ್ಟಿತ್ತು. ಕರೆಮ್ಮ ಯಾರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಮೊದಲನೆಯ ದಿನ ಮಂಗಳವಾರ. ಹರಕೆಯ ನಾಲ್ಕನೇ ಒಪ್ಪತ್ತು. ಇನ್ನು ಬಿಡು ಅತ್ತಿ ಎಂದು ನಾಗವೇಣಿ ಎಷ್ಟು ಹೇಳಿದರೂ ಕೇಳದೆ ಉಪವಾಸವಿದ್ದಳಂತೆ.

ಮೂರನೆಯ ಮುಂಜಾನೆ ನಾನು ಇಳಿದಾಗ ಅವಳೇ ಕರೆದಳು. "ಮಾಸ್ತರ್ರ, ಬರ್ರಿ. ಇವತ್ತು ಆಟ ಇರ್ತೈತೇನ್ರಿ?"

"ಫೈನಲ್ ಮುಗದಿಲ್ಲಂದ್ರ ಏಳನೇದು ಇರ್ತದ. ಯಾರು ಗೆದ್ರಂತ ನಾ ನೋಡಿಲ್ಲಮ್ಮ, ಖರೇನ."

"ಹಚ್ಚಬೇ ನಾಗಿ."

ಆಟವಿತ್ತು. ಮೂರು ಮೂರು ಸಮ ಎಂದು ಪರದೆಯಲ್ಲಿ ಓದಿ ಹೇಳಿದೆ. ದಿಬ್ಬದ ಮೇಲೆ ಎಡಚನೇ ಇದ್ದ. ಸುದ್ದಿ ಊರಲ್ಲಿ ಹಬ್ಬಿ ಅರ್ಧ ಗಂಟೆಯಲ್ಲಿ ರಸ್ತೆಯವರೆಗೆ ಜನ. ಗದ್ದೆಪ್ಪನೂ ಬಂದು ಕಂಬಕ್ಕೆ ಒರಗಿ ನಿಂತ.

ಅವತ್ತು ಅವನು ಆಡಿದಂಥ ಆಟ ನಾನು ನೋಡಿಲ್ಲ. ಒಂಬತ್ತು ಸುತ್ತಿನ ಆಟದಲ್ಲಿ ಎಂಟು ಸುತ್ತು ಮುಗಿದಾಗ ಮೂರು–ಒಂದರಿಂದ ನೀಲಿ ಟೊಪ್ಪಿಗೆ ಮುಂದಿತ್ತು. ಕೊನೆಯ ಸುತ್ತಿಗೆ ಅವನು ದಿಬ್ಬ ಹತ್ತಿದ. ಆಗ ಬೆಂಚಿನ ಕಡೆಯಿಂದ ಡೊಳ್ಳುಹೊಟ್ಟೆಯ ಕೋಚು ನಿಧಾನಕ್ಕೆ ನಡೆದು ಬಂದು ಅವನ ಮುಂದೆ ಕೈ ಚಾಚಿದ. ಎಡಚ ಏನೋ ಅಂದ. ಕೋಚು ತಲೆಯಾಡಿಸಿ ಅಲ್ಲಗಳೆದ. ಎಡಚ ಚೆಂಡು ಕೊಟ್ಟ.

"ಯಾಕ? ಯಾಕ ಕಸಗೊಂಡ?" ಕರೆಮ್ಮ ಜಾಲರಿ ಸೌಟು ಹಿಡಿದೇ ಟಿವಿ ಮುಂದೆ ಬಂದಳು.

"ಕೈ ದಣದಿರ್ತದಮ್ಮ. ಹಂಗ ಬದಲು ಮಾಡ್ತಾರ."

"ದಣದೀನಿ ಅಂತ ಅವ ಅಂದ್ನೇನು?"

ಹೊಸ ಬೌಲರನಿಗೆ ಇಪ್ಪತ್ತೂ ತುಂಬಿರಲಿಕ್ಕಿಲ್ಲ. ಇಬ್ಬರನ್ನು ಔಟ್ ಮಾಡಿದ. ಇನ್ನಿಬ್ಬರು ಮೂಲೆ ಹಿಡಿದರು. ಮುಂದಿನವನು ಹೊಡೆದ ಚೆಂಡು ಮೇಲಕ್ಕೇರಿತು, ಇಳಿಯುತ್ತದೆ ಅಂದುಕೊಂಡೆವು, ಇಳಿಯಲಿಲ್ಲ. ಗೋಡೆ ದಾಟಿ ಜನರ ನಡುವೆ ಬಿತ್ತು. ಒಂದೇ ಹೊಡೆತಕ್ಕೆ ಮೂರು ರನ್ನು: ಎದುರಿನವರದು ನಾಲ್ಕು, ನಮ್ಮವರದು ಮೂರು.

"ಇನ್ನೊಂದು ಸುತ್ತು ಐತಿಲ್ರೀ?" ಗದ್ದೆಪ್ಪ ಕೇಳಿದ.

"ಇಲ್ಲ. ನಮ್ಮವರ ಪಾಳಿ ಮೊದಲ ಆಗ್ಯದ. ಮುಗೀತು."

ರಹಮಾನಸಾಬ ಟೊಪ್ಪಿಗೆ ತೆಗೆದು ತಲೆ ಹಿಡಿದುಕೊಂಡ. ಎರಡು ತಿಂಗಳಲ್ಲಿ ಸಾಯಲಿರುವವನು ಪಟ್ಟ ಗೆದ್ದೇ ಹೋಗಿರುತ್ತಾನೆ ಎಂದು ನಾವೆಲ್ಲ ಒಳಗೊಳಗೇ ನಂಬಿಬಿಟ್ಟಿದ್ದೆವು. ಆ ನಂಬಿಕೆ ಎಲ್ಲಿಂದ ಬಂದಿತ್ತೋ.

ಪರದೆಯಲ್ಲಿ ಆ ಎಳೆಯ ಬೌಲರ್ ದಿಬ್ಬದ ಮೇಲೆ ಮೊಣಕಾಲೂರಿ ಕೂತಿದ್ದ. ಎಡಚ ಬೆಂಚಿನಿಂದ ಎದ್ದು, ಕುಣಿಯುವ ಎದುರಾಳಿಗಳ ನಡುವೆ ಹಾದು, ಅವನ ಬಳಿ ಹೋದ. ನೆಲಕ್ಕೆ ಬಿದ್ದಿದ್ದ ಅವನ ಟೊಪ್ಪಿಗೆ ಎತ್ತಿ, ಮಣ್ಣು ಝಾಡಿಸಿ, ತಲೆಗೆ ಇಟ್ಟ. ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದೊಯ್ದ. ಕರೆಮ್ಮನ ಕಣ್ಣಲ್ಲಿ ಆಗ ನೀರು ಬಂತು.

ಸೋಮವಾರದಿಂದ ಆ ಹೊತ್ತಿಗೆ ಕಾರು ರೇಸು ಬರತೊಡಗಿತು. ಯಾರೂ ನೋಡಲಿಲ್ಲ. ಉಳಿದೊಂದು ಮಂಗಳವಾರವನ್ನೂ ಕರೆಮ್ಮ ಒಪ್ಪತ್ತಿನಲ್ಲಿ ಕಳೆದಳು. ಮರುದಿನ ನನ್ನ ಮುಂದೆ ಚಹಾ ಇಟ್ಟು ಕೇಳಿದಳು: "ಅವಗ ತಾಯಿ ಇದ್ದಾಳೇನ್ರಿ?"

ಮೊಬೈಲಿನಲ್ಲಿ ಹುಡುಕಿದೆ. "ಅದಾಳಮ್ಮ. ಸಮುದ್ರದ ದಂಡಿಯ ಒಂದು ಸಣ್ಣ ಊರಾಗ."

ಅವಳು ಅರಿವೆಯಿಂದ ಮೇಜು ಒರೆಸಿದಳು. "ಆ ಡೊಳ್ಳುಹೊಟ್ಟಿಯವನ ಮ್ಯಾಲೆ ಆಕಿಗೂ ಭಾಳ ಸಿಟ್ಟು ಬಂದಿರಬೇಕು."

"ನನಗೂ ಬಂತಮ್ಮ," ಅಂದೆ.

ಹೊರಗೆ ಟಂಟಂ ಬಂದು ನಿಂತಿತು. ಸಸಿ ಹಚ್ಚುವವರು ಇಳಿದು, "ಯಕ್ಕಾ, ಹದಿನಾಕು ಚಹಾ," ಅಂದರು. ಕರೆಮ್ಮ ಒಲೆಯ ಕಡೆ ಹೋದಳು.