ಮೀನಿನ ಮೇಜಿನ ಬಳಿ ಬಡ್ಡಿಯ ಮಾತು

ಗ್ರಿಮ್ಸ್‌ಬಿ ಬಂದರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಡಲಹಕ್ಕಿಗಳು ಮಾತ್ರ ಆಗಲೇ ಜಗಳ ಶುರುಮಾಡಿವೆ. ತಗಡಿನ ಶೆಡ್ಡಿನೊಳಗೆ, ಉಣ್ಣೆಯ ಕೈಗವಸಿನ ಮೇಲೆ ರಬ್ಬರಿನದನ್ನೂ ಎಳೆದುಕೊಂಡು, ಮಾರ್ಲೀನ್ ಟಾಸ್ಕರ್ ಮಂಜುಗಡ್ಡೆಯ ಪೆಟ್ಟಿಗೆಯಿಂದ ಹ್ಯಾಡಕ್ ಮೀನೊಂದನ್ನು ಎತ್ತುತ್ತಾರೆ. ಕಿವಿರಿನ ಹಿಂದೆ ಒಂದು ಗೀರು, ಬೆನ್ನುಮೂಳೆಯ ಗುಂಟ ಒಂದೇ ಎಳೆತ. ಮಗ್ಗುಲು ತಿರುಗಿಸಿ ಇನ್ನೊಂದು. ಮಾಂಸ ಬಲಕ್ಕೆ, ಮುಳ್ಳು ಎಡಕ್ಕೆ. ಅಷ್ಟರಲ್ಲಿ ಮುಂದಿನ ಮೀನು ಮೇಜಿನ ಮೇಲಿರುತ್ತದೆ.

ಮಧ್ಯಾಹ್ನದೊಳಗೆ ಹೀಗೆ ನಾನೂರು ಕಿಲೋ. ಕೂಲಿ ಕಿಲೋ ಲೆಕ್ಕದಲ್ಲಿ, ಆದ್ದರಿಂದ ಮೂಗು ತುರಿಸಿಕೊಂಡರೂ ನಷ್ಟವೇ. ಶುಕ್ರವಾರ ರಾತ್ರಿ ದೇಶದ ಯಾವುದೋ ಮೂಲೆಯಲ್ಲಿ ಚಿಪ್ಸಿನ ಜೊತೆ ಈ ಮೀನು ತಿನ್ನುವವರು ಆಕೆಯನ್ನು ನೆನೆಯುವುದು ಬಾಯಿಗೆ ಮುಳ್ಳು ಸಿಕ್ಕಾಗ ಮಾತ್ರ. ಅದೂ ಹೆಸರು ಗೊತ್ತಿಲ್ಲದೆ, ಬೈಗುಳದಲ್ಲಿ. ಐವತ್ತೆರಡರ ಮಾರ್ಲೀನ್‌ಗೆ ಇದರ ಬಗ್ಗೆ ದೂರಿಲ್ಲ. "ಮುಳ್ಳು ಸಿಗದೇ ಇದ್ರೆ ನಾನು ಇದೀನಿ ಅಂತಲೇ ಯಾರಿಗೂ ಗೊತ್ತಾಗಲ್ಲ. ಅದೇ ಸರಿ ತಾನೆ?"

ಆದರೆ ಶೆಡ್ಡಿನಲ್ಲಿ ಆಕೆಯ ಹೆಸರು ಓಡುತ್ತಿರುವುದು ಚೂರಿಯ ಕೈಚಳಕಕ್ಕಲ್ಲ. ಚಹಾದ ಹೊತ್ತಿಗೆ ಆಕೆ ಕೇಳುವ ಒಂದು ಪ್ರಶ್ನೆಗೆ.

ಎಂಟು ಗಂಟೆ. ಬೇಕನ್ ಇಟ್ಟ ಬನ್ನು, ಹಬೆಯಾಡುವ ಮಗ್ಗು. ಲಿಥುವೇನಿಯಾದಿಂದ ಬಂದ ರಾಸಾ ಈ ಮೇಜುಗಳಿಗೆ ಹೊಸಬಳು. ಮಾರ್ಲೀನ್ ಬನ್ನನ್ನು ಬಾಯಿಂದ ಸರಿಸಿ ಕೇಳುತ್ತಾರೆ: "ಏನೇ ರಾಸಾ, ಮನೆ ತಗೊಂಡಿದೀಯಂತೆ. ನಿನ್ನ ಬಡ್ಡಿ ಎಷ್ಟು? ಫಿಕ್ಸ್ ಮಾಡಿಸಿದ್ದು ಯಾವತ್ತಿಗೆ ಮುಗಿಯತ್ತೆ?"

ಎಲ್ಲರಿಗೂ ಒಮ್ಮೆಗೇ ತಂತಮ್ಮ ಮಗ್ಗಿನ ತಳದಲ್ಲಿ ಏನೋ ಕಾಣಿಸುತ್ತದೆ. ಮೇಸ್ತ್ರಿ ನೆವಿಲ್ ಮುಖ ಹಿಂಡುತ್ತಾನೆ. "ಮಾರ್ಲೀನ್, ಜನ ತಿಂಡಿ ತಿಂತಿದಾರೆ ಮಾರಾಯ್ತಿ."

"ತಿನ್ಲಿ. ನಾನೇನು ಅವರ ಬಾಯಿಗೆ ಕೈ ಹಾಕಿದ್ನಾ?"

ರಾಸಾ ನಾಚದೆ ಹೇಳುತ್ತಾಳೆ, ಮಾರ್ಚ್ ತಿಂಗಳಿಗೆ ಮುಗಿಯುತ್ತದೆ ಎಂದು. ಅವಳಿನ್ನೂ ಈ ದೇಶದ ಮರ್ಯಾದೆಗಳನ್ನು ಪೂರ್ತಿ ಕಲಿತಿಲ್ಲ. ಮಾರ್ಲೀನ್ ಪಾಠ ಶುರುಮಾಡುತ್ತಾರೆ. ಮನೆ ಸಾಲಕ್ಕೆ ಇಷ್ಟು ವರ್ಷ ಒಂದೇ ಬಡ್ಡಿ ಎಂದು ನಿಗದಿ ಮಾಡಿರುತ್ತಾರೆ, ಅದೇ ಫಿಕ್ಸ್. ಆ ಅವಧಿ ಮುಗಿದ ಮಾರನೇ ದಿನವೇ ಬ್ಯಾಂಕಿನವರು ತಮಗೆ ತೋಚಿದ ದರ ಹಾಕುತ್ತಾರೆ. "ಮುಗಿಯೋಕೆ ಕೆಲವು ತಿಂಗಳು ಮುಂಚೇನೇ ಹೊಸ ದರ ಹಿಡಿದಿಟ್ಕೊಬಹುದು ಕಣೇ. ಹಿಡಿದಿಟ್ಮೇಲೆ ದರ ಇಳೀತಾ, ಅದನ್ನ ಬಿಟ್ಟು ಕಮ್ಮೀದು ಕೇಳು, ಕೊಡ್ತಾರೆ. ಏರ್ತಾ, ಹಿಡಿದಿದ್ದು ನಿಂದೇ. ತಾವಾಗಿ ಬಂದು ಹೇಳ್ತಾರೆ ಅಂತ ಕಾಯ್ಬೇಡ."

ಇದು ಆಕೆಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಮಾರ್ಲೀನ್ ಮತ್ತು ಗ್ಲೆನಿಸ್ ಬ್ರಾಕ್ ಹತ್ತೊಂಬತ್ತು ವರ್ಷಗಳಿಂದ ಒಂದೇ ಮೇಜಿನ ಎರಡು ತುದಿ. ಒಂದೇ ಶರತ್ಕಾಲದಲ್ಲಿ, ಒಂದೇ ಸಾಲಿನಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ಎರಡು ಮನೆ ಕೊಂಡರು. ಐದು ವರ್ಷಕ್ಕೆ ನಿಗದಿಯಾಗಿದ್ದ ಬಡ್ಡಿ ಇಬ್ಬರಿಗೂ ಒಂದೇ ನವೆಂಬರಿನಲ್ಲಿ ಮುಗಿಯುವುದಿತ್ತು. ಇಬ್ಬರ ನಡುವೆ ಗುಟ್ಟೆಂಬುದಿರಲಿಲ್ಲ. "ಅವಳ ಗರ್ಭಕೋಶ ತೆಗೆಸಿದ್ದು ನಂಗೊತ್ತು, ನನ್ನ ಗಂಡ ಬ್ಯಾರಿಯ ಮೂಲವ್ಯಾಧಿ ಅವಳಿಗೊತ್ತು. ಬಡ್ಡಿ ಎಷ್ಟು ಅಂತ ಮಾತ್ರ ಇಬ್ರೂ ಯಾವತ್ತೂ ಕೇಳಿಲ್ಲ. ಅದು ಅಸಹ್ಯದ ಮಾತು ನೋಡಿ."

ಅವಧಿಗೆ ಮುಂಚೆ ಸಾಲ ಬದಲಾಯಿಸಿದರೆ ದಂಡ ಬೀಳುತ್ತದೆಂದು ಮಾರ್ಲೀನ್ ಕೇಳಿದ್ದರು. ಅದು ನಿಜವೂ ಹೌದು. ಆದರೆ ಮುಂದಿನ ದರವನ್ನು ಕಾದಿರಿಸುವುದಕ್ಕೆ ದಂಡವಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ನಿಯತ್ತಾಗಿ ನವೆಂಬರಿಗೆ ಕಾದರು. ಮೂರು ವರ್ಷದ ಹಿಂದಿನ ಆ ಶರತ್ಕಾಲದಲ್ಲಿ ದೇಶದ ಬಡ್ಡಿ ಹುಚ್ಚು ಹಿಡಿದಂತೆ ಏರಿತು. ತಿಂಗಳಿಗೆ ಮುನ್ನೂರೈವತ್ತು ಪೌಂಡ್ ಇದ್ದ ಕಂತು ನಾನೂರೆಂಬತ್ತಾಯಿತು. ಶ್ವಾಸಕೋಶ ಕೆಟ್ಟು ಮನೆಯಲ್ಲೇ ಉಳಿದಿದ್ದ ಬ್ಯಾರಿಗೆ ಅದನ್ನು ಹೇಳಿದ ಮೇಲೆ, ಮಾರನೇ ಬೆಳಿಗ್ಗೆ ಮಾರ್ಲೀನ್ ಮೇಜಿನ ಬಳಿ ಅತ್ತುಬಿಟ್ಟರು.

ಗ್ಲೆನಿಸ್ ಚೂರಿ ಇಟ್ಟು ಬೆನ್ನು ಸವರಿದಳು. "ಅಯ್ಯೋ ನನ್ನ ಚಿನ್ನ. ನಮ್ದು ನಮ್ಮ ಯಜಮಾನ್ರು ಡೆರೆಕ್ ಜೂನಲ್ಲೇ ಹಿಡಿದಿಟ್ಟಿದ್ರು, ಮೂರು ವರ್ಷಕ್ಕೆ. ಮೂರು ಚಿಲ್ರೆ ಪರ್ಸೆಂಟು. ನಿಂಗೆ ಹೇಳೋಣ ಅಂದ್ಕೊಂಡೆ. ನಿಮ್ಮ ಮನೆ ದುಡ್ಡಿನ ವಿಷಯ, ನಾನ್ಯಾಕೆ ಮೂಗು ತೂರಿಸ್ಲಿ ಅಂತ ಸುಮ್ನಾದೆ."

"ಅವಳು ಒಳ್ಳೆಯವಳು ಅನ್ನೋದೇ ನನ್ನ ಸಿಟ್ಟು," ಎನ್ನುತ್ತಾರೆ ಮಾರ್ಲೀನ್. "ಕೆಟ್ಟವಳಾಗಿದ್ರೆ ಬೈದು ಮುಗಿಸ್ತಿದ್ದೆ."

ಮೇಬಲ್‌ಥಾರ್ಪ್ ಕಡಲತೀರದಲ್ಲಿ ಇಬ್ಬರಿಗೂ ರಜೆ ಕಳೆಯಲು ಒಂದೊಂದು ಗಾಲಿಮನೆ, ಅಂದರೆ ಕ್ಯಾರವಾನ್, ಇತ್ತು, ಅಕ್ಕಪಕ್ಕದಲ್ಲೇ. ಕಂತು ಕಟ್ಟಲು ಮಾರ್ಲೀನ್ ತಮ್ಮದನ್ನು ಮಾರಿದರು. ಮುಂದಿನ ಬೇಸಿಗೆಯಲ್ಲಿ ಗ್ಲೆನಿಸ್ ಮತ್ತು ಡೆರೆಕ್ ಅಲ್ಲಿಂದ ಪೋಸ್ಟ್‌ಕಾರ್ಡ್ ಕಳಿಸಿದರು. ಬಿಸಿಲು ಚೆನ್ನಾಗಿತ್ತಂತೆ.

ಪ್ರಶ್ನೆ ಹುಟ್ಟಿದ್ದು ಆಗ. ಮೊದಲು ಶೆಡ್ಡಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಒಮ್ಮೆ ಚರ್ಚಿನಲ್ಲಿ ಮದುವೆಯ ಹೆಣ್ಣಿಗೇ. ಹಲವರು ಮುಖ ತಿರುಗಿಸಿದರು. ಕೆಲವರು ಹಿತ್ತಲಲ್ಲಿ ಗುಟ್ಟಾಗಿ ಹಿಡಿದು, "ನನ್ನದು ಏಪ್ರಿಲ್‌ಗೆ," ಎಂದರು, ಗುಪ್ತರೋಗ ಹೇಳಿಕೊಂಡ ಹಾಗೆ. ಫೋನು ಹಚ್ಚಿ, ಬ್ಯಾಂಕಿನವರು ಕಾಯಿಸುವಾಗ ಹಾಕುವ ಸಂಗೀತ ಕೇಳುತ್ತ ಅವರ ಜೊತೆ ಕೂತದ್ದಕ್ಕೆ ಮಾರ್ಲೀನ್‌ಗೆ ಯಾರೂ ಕೂಲಿ ಕೊಟ್ಟಿಲ್ಲ. ನೆವಿಲ್‌ನ ತಂಗಿಯ ಮನೆ ಉಳಿದದ್ದು ಹೀಗೆ; ನೆವಿಲ್ ಅದನ್ನು ಶೆಡ್ಡಿನಲ್ಲಿ ಆಡುವುದಿಲ್ಲ.

ಒಬ್ಬಳನ್ನು ಮಾತ್ರ ಮಾರ್ಲೀನ್ ಕೇಳಿರಲಿಲ್ಲ.

ಈ ಫೆಬ್ರುವರಿಯಲ್ಲಿ ಡೆರೆಕ್ ತೀರಿಕೊಂಡರು. ಬಡ್ಡಿ ನೋಡಿಕೊಂಡ ಮನುಷ್ಯ ವಿಮೆ ನೋಡಿಕೊಂಡಿರಲಿಲ್ಲ. ಮನೆಯ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು, ತಲೆಯ ಜೊತೆಗೇ ಹೋಯಿತು. ಆ ಮೂರು ವರ್ಷ ಮುಗಿಯುವುದು ಬರುವ ನವೆಂಬರಿನಲ್ಲಿ. ಗ್ಲೆನಿಸ್‌ಗೆ ಅದು ಗೊತ್ತಿರಲಿಲ್ಲ. ಮಾರ್ಲೀನ್‌ಗೆ ಗೊತ್ತಿತ್ತು.

"ಆಗಸ್ಟ್ ಪೂರ್ತಿ ಬಾಯಿ ಮುಚ್ಕೊಂಡಿದ್ದೆ," ಎನ್ನುತ್ತಾರೆ. "ಸುಳ್ಳು ಯಾಕೆ ಹೇಳ್ಲಿ, ಹಾಯಾಗಿತ್ತು."

ಹೋದ ವಾರ ಚಹಾದ ಹೊತ್ತಿಗೆ ಗ್ಲೆನಿಸ್ ಎಲ್ಲರಿಗೂ ಒಂದು ಚಿತ್ರ ತೋರಿಸಿದಳು. ಡೆರೆಕ್ ಸಮಾಧಿಗೆ ಕರಿಕಲ್ಲು, ಮೂಲೆಯಲ್ಲಿ ದೋಣಿ ಕೊರೆದದ್ದು. "ತಿಂಗಳಿಗೆ ಎಪ್ಪತ್ತರಂತೆ ಕಟ್ಟಿದ್ರೆ ಸಾಕಂತೆ. ಅಷ್ಟು ಕಟ್ಬಹುದು ನಾನು."

ಮಾರ್ಲೀನ್ ಬನ್ನು ಕೆಳಗಿಟ್ಟರು. "ಕಲ್ಲು ಆಮೇಲೆ, ಗ್ಲೆನ್. ನಿನ್ನ ಫಿಕ್ಸ್ ನವೆಂಬರಿಗೆ ಮುಗಿಯತ್ತೆ. ಏನೂ ಮಾಡ್ದೆ ಕೂತ್ರೆ ಡಿಸೆಂಬರಿಂದ ಐನೂರ ನಲವತ್ತು ಕಟ್ಬೇಕು. ಎಲ್ಲಿಂದ ತರ್ತೀಯ?"

ಅಂಕಿಯನ್ನು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿದ್ದರು. ಗ್ಲೆನಿಸ್‌ಳ ಕಿವಿಗಳು ಕೆಂಪಾದವು.

"ನನ್ನ ಗಂಡ ಹೋಗಿ ವರ್ಷ ತುಂಬಿಲ್ಲ. ನೀನು ನನ್ನ ಮನೆ ಲೆಕ್ಕ ಇಟ್ಕೊಂಡು ಕೂತಿದೀಯ?"

"ಇಟ್ಕೊಂಡಿದೀನಿ. ಮೂರು ವರ್ಷದಿಂದ."

"ನಿಂಗೆ ಖುಷಿ ಆಗ್ತಿರ್ಬೇಕು."

"ಆಗ್ತಿತ್ತು," ಎಂದರು ಮಾರ್ಲೀನ್. "ಈ ಕಲ್ಲಿನ ಚಿತ್ರ ನೋಡೋವರೆಗೂ."

ಅಂದಿನಿಂದ ಮಾತಿಲ್ಲ. ಒಂದೇ ಮೇಜು, ಒಂದೇ ಮಂಜುಗಡ್ಡೆ. ಸಾಣೆಯ ಕಡ್ಡಿ ಬೇಕಾದರೆ ಇಬ್ಬರೂ ರಾಸಾಳ ಮೂಲಕ ಕೇಳಿಸುತ್ತಾರೆ. ರಾಸಾಗೆ ಇಂಗ್ಲಿಷ್ ಮನುಷ್ಯರ ಬಗ್ಗೆ ಬಹಳಷ್ಟು ತಿಳಿಯುತ್ತಿದೆ.

ಗಾಲಿಮನೆ ಮತ್ತೆ ಕೊಳ್ಳುವ ಆಸೆ ಇದೆಯೇ ಎಂದು ಕೇಳಿದರೆ ಮಾರ್ಲೀನ್ ಇಲ್ಲವೆಂದು ತಲೆಯಾಡಿಸುತ್ತಾರೆ. ಈಗಿನ ಕಂತು ತುಸು ಇಳಿದಿದೆ. ಮನೆ ಉಳಿದಿದೆ, ಅಷ್ಟು ಸಾಕು. ಬೇರೇನು ಬೇಕು ಎಂಬ ಮಾತಿಗೆ ಉತ್ತರ ಬರುವುದರೊಳಗೆ ಎರಡು ಹ್ಯಾಡಕ್ ಸೀಳಿ ಮುಗಿದಿರುತ್ತವೆ. ಮೇಜಿನ ಆ ತುದಿ ಇಂದು ಖಾಲಿ. ಗದ್ದದಿಂದ ಅತ್ತ ತೋರಿಸಿ, ಅಷ್ಟು ಸದ್ದಿನಲ್ಲೂ ದನಿ ತಗ್ಗಿಸಿ ಆಕೆ ಹೇಳುತ್ತಾರೆ:

"ಅರ್ಧ ದಿನ ರಜಾ ಹಾಕಿದಾಳೆ, ಬ್ಯಾಂಕು ತೆಗೆಯೋ ಹೊತ್ತಿಗೆ ಸರಿಯಾಗಿ. ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬೇಕು ಅಂತ ನೆವಿಲ್‌ಗೆ ಹೇಳಿದ್ಲಂತೆ. ಅವಳ ಬಾಯಲ್ಲಿ ಸ್ವಂತ ಹಲ್ಲು ಒಂದೂ ಇಲ್ಲ."